ಬೆರಳಿಗೆ ತಿರುಗಬೇಕು, ಕುಣಿಯಬಾರದು

ಕಳೆದ ಮಳೆಗಾಲದ ಒಂದು ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿ ನನ್ನ ಸೋದರಮಾವನನ್ನು ಕೇಳಿದೆ: "ಮಾಮಾ, ಪುಶ್‌ರಾಡ್‌ಗೆ ಕನ್ನಡದಾಗ ಏನಂತೀರಿ?"

ಆ ಕಡೆಯಿಂದ ಸ್ವಲ್ಪ ಹೊತ್ತು ಗ್ಯಾರೇಜಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಮಾಮ ಹೇಳಿದರು: "ಪುಶ್‌ರಾಡ್ ಅಂತೀವಪಾ. ಮತ್ತೇನನ್ನೂದು?"

ನಾನು ಪುಣೆಯಲ್ಲಿ ಕೂತು ಅನುವಾದ ಮಾಡಿ ಬದುಕುವವನು. ಔಷಧಿಯ ಚೀಟಿ, ಸಾಲದ ಕರಾರು, ಆ್ಯಪ್‌ಗಳ ಗುಂಡಿಗಳ ಮೇಲಿನ ಎರಡೆರಡು ಪದ, ಯಾವುದು ಬಂದರೆ ಅದು. ಆ ತಿಂಗಳು ಬಂದದ್ದು ದ್ವಿಚಕ್ರ ವಾಹನ ರಿಪೇರಿ ಕಲಿಯುವ ಹುಡುಗರಿಗಾಗಿ ಬರೆದ ಒಂದು ಇಂಗ್ಲಿಷ್ ಪಠ್ಯ. ಅದರ ಜೊತೆ ಒಂದು ಪದಪಟ್ಟಿಯೂ ಬಂತು. ಪುಶ್‌ರಾಡ್‌ಗೆ ನೂಕುದಂಡ, ಕ್ಯಾಮ್‌ಶಾಫ್ಟ್‌ಗೆ ಉಬ್ಬುದಂಡ, ವಾಲ್ವ್‌ಗೆ ಕವಾಟ, ಓವರ್‌ಹೆಡ್ ಕ್ಯಾಮ್‌ಗೆ ಶಿರೋಪರಿ ಉಬ್ಬುದಂಡ. ಪಟ್ಟಿ ಮಾಡಿದವರು ಶ್ರದ್ಧೆಯಿಂದಲೇ ಮಾಡಿದ್ದರು. ಆದರೆ 'ಶಿರೋಪರಿ ಉಬ್ಬುದಂಡ' ಎಂದು ಬರೆದು ಮುಂದಕ್ಕೆ ಹೋಗಲು ನನ್ನ ಕೈ ಏಳಲಿಲ್ಲ. ಅದಕ್ಕೊಂದು ಕಾರಣವಿತ್ತು. ನನ್ನ ಮೇಜಿನ ಮೇಲೆ, ಲ್ಯಾಪ್‌ಟಾಪಿನ ಪಕ್ಕದಲ್ಲಿ, ಹದಿನೆಂಟು ವರ್ಷಗಳಿಂದ ಒಂದು ಸೊಟ್ಟ ಪುಶ್‌ರಾಡ್ ಇದೆ.

ಅದು 2007ರ ಕಥೆ. ನಾನು ಆಗ ಕಾಲೇಜಿನಲ್ಲಿದ್ದೆ. ಮಾಮನ ಹತ್ತಿರ ಹಳೆಯ 350 ಸಿಸಿ ಬುಲೆಟ್ ಇತ್ತು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಗಾಡಿ. ಗೆಳೆಯನೊಬ್ಬ ಹೊಸ ಪಲ್ಸರ್ 150 ಕೊಂಡಿದ್ದ. ಧಾರವಾಡಕ್ಕೆ ಹೋಗಿಬರುವ ನೆವ ಮಾಡಿ ಇಬ್ಬರೂ ಹೊರಟೆವು. ನವಲೂರಿನ ಪೇರಲ ತೋಟಗಳ ಹತ್ತಿರ ರಸ್ತೆ ಖಾಲಿ ಸಿಕ್ಕಿತು. ಅವನ ಎಂಜಿನ್ ನನ್ನದರ ಅರ್ಧಕ್ಕೂ ಕಡಿಮೆ. ಆದರೂ ಅದು ಕಿರುಚಿಕೊಂಡು ಮುಂದೆ ಹೋಗುತ್ತಿತ್ತು. ನನಗೆ ಅವಮಾನವಾಯಿತು. ಎರಡನೇ ಗೇರಿನಲ್ಲೇ ಆ್ಯಕ್ಸಿಲರೇಟರನ್ನು ಪೂರ್ತಿ ತಿರುವಿ ಹಿಡಿದೆ. ಬುಲೆಟ್ಟಿಗೆ ಆರ್‌ಪಿಎಂ ಮೀಟರ್ ಇರಲಿಲ್ಲ, ಹಾಗಾಗಿ ಎಂಜಿನ್ ಎಷ್ಟು ತಿರುಗುತ್ತಿದೆ ಎಂದು ತಿಳಿಯುವ ದಾರಿಯೂ ಇರಲಿಲ್ಲ. ಕಾಲಿನ ಕೆಳಗೆ ಏನೋ ಟಕಟಕ ಎಂದಿತು. ಗಾಡಿಯ ಶಕ್ತಿ ಸೋರಿಹೋಯಿತು. ಒಂದೆರಡು ಫಟ್ ಫಟ್ ಸದ್ದಾಗಿ ನಿಂತೇಬಿಟ್ಟಿತು.

ಟೆಂಪೊದಲ್ಲಿ ಹಾಕಿಕೊಂಡು ಗ್ಯಾರೇಜಿಗೆ ತಂದೆವು. ಮಾಮ ಬೈಯಲಿಲ್ಲ. ಬಿಚ್ಚಿ, ಬೆರಳುದ್ದಕ್ಕಿಂತ ದೊಡ್ಡದಾದ ಹಗುರ ಕೋಲೊಂದನ್ನು ಹೊರತೆಗೆದು, ಒಂದು ಗಾಜಿನ ತುಂಡಿನ ಮೇಲಿಟ್ಟು ಅಂಗೈಯಿಂದ ಉರುಳಿಸಿದರು. ನೆಟ್ಟಗಿರುವ ಕೋಲು ಸದ್ದಿಲ್ಲದೆ ಉರುಳುತ್ತದೆ. ಇದು ತಟತಟ ಎನ್ನುತ್ತ ಹೋಯಿತು. "ನೋಡಿಲ್ಲೆ, ನಡುವ ಬೆಳಕು ಬರಾಕತ್ತೈತಿ" ಎಂದರು. ಕೋಲು ಮತ್ತು ಗಾಜಿನ ನಡುವೆ ಕೂದಲೆಳೆಯಷ್ಟು ಬೆಳಕು. "ಇದು ಓಡೂ ಗಾಡಿ ಅಲ್ಲೋ ತಮ್ಮಾ, ನಡಿಯೂ ಗಾಡಿ. ಇಟ್ಕೋ ಇದನ್ನ" ಎಂದು ಕೋಲನ್ನು ನನ್ನ ಕೈಗಿಟ್ಟರು. ಹೊಸ ಪುಶ್‌ರಾಡಿನ ದುಡ್ಡು ಕೇಳಲಿಲ್ಲ. ಆದರೆ ಆಮೇಲೆ ಆರು ತಿಂಗಳು ಗಾಡಿಯ ಕೀಲಿಯನ್ನೂ ಕೊಡಲಿಲ್ಲ.

ಏನಾಗಿತ್ತು ಎನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಈ ಪಠ್ಯ ಕೈಗೆ ಬಂದ ಮೇಲೆ. ವಾಹನದ ಗೀಳಿಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫೋರ್ ಸ್ಟ್ರೋಕ್ ಎಂಜಿನ್ನಿಗೆ ಉಸಿರಾಡಲು ಎರಡು ಬಾಗಿಲು ಬೇಕು. ಗಾಳಿ ಮತ್ತು ಪೆಟ್ರೋಲ್ ಒಳಬರಲು ಒಂದು, ಹೊಗೆ ಹೊರಹೋಗಲು ಇನ್ನೊಂದು. ಇವೇ ವಾಲ್ವ್‌ಗಳು. ಇವನ್ನು ಹೊತ್ತಿಗೆ ಸರಿಯಾಗಿ ತೆರೆಯುವುದು ಕ್ಯಾಮ್, ಅಂದರೆ ಒಂದು ಕಡೆ ಉಬ್ಬಿರುವ ತಿರುಗುವ ತುಂಡು. ಉಬ್ಬು ಬಂದಾಗ ವಾಲ್ವ್ ತೆರೆಯುತ್ತದೆ, ಉಬ್ಬು ದಾಟಿದ ಮೇಲೆ ಅದನ್ನು ಮುಚ್ಚುವುದು ಸ್ಪ್ರಿಂಗಿನ ಕೆಲಸ. ಹಳೆಯ ಬುಲೆಟ್ಟಿನಲ್ಲಿ ವಾಲ್ವ್‌ಗಳು ಎಂಜಿನ್ನಿನ ತಲೆಯಲ್ಲಿವೆ, ಕ್ಯಾಮ್ ಕೆಳಗೆ ಕ್ರ್ಯಾಂಕಿನ ಪಕ್ಕದಲ್ಲಿದೆ. ನಡುವಿನ ದೂರವನ್ನು ಪುಶ್‌ರಾಡ್ ತುಂಬುತ್ತದೆ. ಕ್ಯಾಮ್ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ಎತ್ತುತ್ತದೆ, ಪುಶ್‌ರಾಡ್ ಮೇಲಿನ ರಾಕರಿನ ಒಂದು ತುದಿಯನ್ನು ತಳ್ಳುತ್ತದೆ, ರಾಕರ್ ಏತದ ಹಾಗೆ ಬಾಗಿ ಇನ್ನೊಂದು ತುದಿಯಿಂದ ವಾಲ್ವನ್ನು ಒತ್ತುತ್ತದೆ.

ನಿಧಾನಕ್ಕೆ ತಿರುಗುವಾಗ ಇದರಲ್ಲಿ ತೊಂದರೆಯಿಲ್ಲ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಕ್ಯಾಮ್ 3,000 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಪ್ರತಿ ಸಲವೂ ಟ್ಯಾಪೆಟ್, ಕೋಲು, ರಾಕರ್, ವಾಲ್ವ್ ಎಲ್ಲವೂ ಹೊರಡಬೇಕು, ನಿಲ್ಲಬೇಕು, ವಾಪಸ್ ಬರಬೇಕು. ವೇಗ ಎರಡು ಪಟ್ಟಾದರೆ ಇದಕ್ಕೆ ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಹಂತ ದಾಟಿದ ಮೇಲೆ ಸ್ಪ್ರಿಂಗಿಗೆ ಈ ಸಂಸಾರವನ್ನು ಹಿಂದಕ್ಕೆ ಎಳೆದು ತರಲು ಆಗುವುದಿಲ್ಲ. ಕ್ಯಾಮ್ ಮುಂದಕ್ಕೆ ಹೋಗಿರುತ್ತದೆ, ವಾಲ್ವ್ ಇನ್ನೂ ಗಾಳಿಯಲ್ಲೇ ಇರುತ್ತದೆ. ಇದಕ್ಕೆ ವಾಲ್ವ್ ಫ್ಲೋಟ್ ಎನ್ನುತ್ತಾರೆ. ನಡುವೆ ಸಡಿಲ ಬಿದ್ದ ಭಾಗಗಳು ಮತ್ತೆ ಕೂಡಿಕೊಳ್ಳುವಾಗ ಸುತ್ತಿಗೆ ಏಟಿನಂತೆ ಬಡಿದುಕೊಳ್ಳುತ್ತವೆ. ಆ ಏಟಿಗೆ ತೆಳ್ಳಗಿನ ಉದ್ದ ಕೋಲು ಬಾಗುತ್ತದೆ. ನವಲೂರಿನ ಹತ್ತಿರ ನಾನು ಮಾಡಿದ್ದು ಇದನ್ನೇ.

ಗಟ್ಟಿ ಸ್ಪ್ರಿಂಗ್ ಹಾಕಬಹುದಲ್ಲ ಎಂದರೆ, ಆಗ ಕ್ಯಾಮ್ ಬೇಗ ಸವೆಯುತ್ತದೆ, ಕೋಲಿನ ಮೇಲೆ ಭಾರವೂ ಹೆಚ್ಚುತ್ತದೆ. ಇನ್ನೊಂದು ದಾರಿ ಕೋಲನ್ನೇ ತೆಗೆದುಹಾಕಿ, ಕ್ಯಾಮನ್ನು ತಲೆಗೆ ಏರಿಸಿ, ಕೆಳಗಿನಿಂದ ಚೈನಿನಲ್ಲೋ ಬೆಲ್ಟಿನಲ್ಲೋ ತಿರುಗಿಸುವುದು. ಇದು ಓವರ್‌ಹೆಡ್ ಕ್ಯಾಮ್. ಗೆಳೆಯನ ಪಲ್ಸರಿನಲ್ಲಿ ಇದ್ದದ್ದು ಇದೇ. ಕ್ಯಾಮ್ ಎರಡಾದರೆ ಇನ್ನೂ ಅನುಕೂಲ. ನಾಲ್ಕು ವಾಲ್ವ್ ಕೂರಿಸಬಹುದು, ಸ್ಪಾರ್ಕ್ ಪ್ಲಗ್ಗನ್ನು ನಟ್ಟನಡುವೆ ಇಡಬಹುದು, ಕೋಲುಗಳಿಗೆ ಜಾಗ ಬಿಡಬೇಕಿಲ್ಲದ್ದರಿಂದ ಗಾಳಿಯ ದಾರಿಯನ್ನು ನೇರ ಮಾಡಬಹುದು. ಹೆಚ್ಚು ತಿರುಗಿದಾಗ ಹೆಚ್ಚು ಉಸಿರಾಡುವ ಎಂಜಿನ್ನಿಗೆ ಹೆಚ್ಚು ಶಕ್ತಿ. ಇದೇನೂ ಮೊನ್ನೆಯ ಬುದ್ಧಿಯಲ್ಲ. 1912ರಲ್ಲೇ ಪ್ಯೂಜೋ ಕಂಪನಿಯ ರೇಸ್ ಕಾರಿನಲ್ಲಿ ತಲೆಯ ಮೇಲೆ ಎರಡು ಕ್ಯಾಮ್, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ದವು. ಆ ವರ್ಷದ ಫ್ರೆಂಚ್ ಗ್ರ್ಯಾಂಡ್ ಪ್ರೀಯನ್ನೂ ಮರುವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ಓಟವನ್ನೂ ಅದು ಗೆದ್ದಿತು.

ಇಲ್ಲಿಯವರೆಗೆ ನನ್ನ ಅನುವಾದ ಸಲೀಸಾಗಿ ಸಾಗಿತ್ತು. ಎಡವಿದ್ದು 'ಓವರ್‌ಹೆಡ್ ವಾಲ್ವ್' ಎಂಬಲ್ಲಿ. ಪದಪಟ್ಟಿ ಇದಕ್ಕೆ 'ಶಿರೋಪರಿ ಕವಾಟ' ಎಂದಿತ್ತು. ಪಠ್ಯದ ಅಭ್ಯಾಸದಲ್ಲಿ ಒಂದು ಪ್ರಶ್ನೆ: ಓವರ್‌ಹೆಡ್ ವಾಲ್ವ್ ಎಂಜಿನ್ನಿಗೂ ಓವರ್‌ಹೆಡ್ ಕ್ಯಾಮ್ ಎಂಜಿನ್ನಿಗೂ ಇರುವ ವ್ಯತ್ಯಾಸವೇನು? ಕನ್ನಡದಲ್ಲಿ ಬರೆದು ನೋಡಿದೆ. ಓದುವ ಹುಡುಗ ಏನು ತಿಳಿಯುತ್ತಾನೆ? ಮೊದಲನೆಯದರಲ್ಲಿ ವಾಲ್ವ್ ಮೇಲಿದೆ, ಎರಡನೆಯದರಲ್ಲಿ ಕ್ಯಾಮ್ ಮೇಲಿದೆ, ಹಾಗಾದರೆ ಎರಡನೆಯದರಲ್ಲಿ ವಾಲ್ವ್ ಕೆಳಗಿರಬೇಕು ಎಂದು! ನಿಜದಲ್ಲಿ ಎರಡರಲ್ಲೂ ವಾಲ್ವ್ ಮೇಲೆಯೇ ಇದೆ.

ಈ ಗೊಂದಲ ಇಂಗ್ಲಿಷಿನದೇ, ನಾವು ಕಡ ತಂದದ್ದು. ಒಂದು ಕಾಲಕ್ಕೆ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿ ನಿಂತಿರುತ್ತಿದ್ದವು. ಅದು ಸೈಡ್ ವಾಲ್ವ್ ಎಂಜಿನ್. ಅವನ್ನು ತಲೆಗೆ ಏರಿಸಿದವರು ಹೆಮ್ಮೆಯಿಂದ 'ಓವರ್‌ಹೆಡ್ ವಾಲ್ವ್' ಎಂದರು. ಆ ಹೆಸರು ಅರ್ಥ ಪಡೆದದ್ದು ಪಕ್ಕದಲ್ಲಿ ಸೈಡ್ ವಾಲ್ವ್ ಇದ್ದುದರಿಂದ. ಆಮೇಲೆ ಸೈಡ್ ವಾಲ್ವ್ ರಸ್ತೆಯಿಂದ ಮರೆಯಾಯಿತು, ಎಲ್ಲ ಎಂಜಿನ್‌ಗಳ ವಾಲ್ವ್ ಮೇಲೇರಿತು, ಹೆಸರು ಮಾತ್ರ ಹಳೆಯ ಜಗಳದ ನೆನಪಾಗಿ ಉಳಿಯಿತು. ತರಗತಿಯಲ್ಲಿ ನಾವು ಕಲಿತದ್ದೂ ಇದೇ: ಹೆಸರು ವಸ್ತುವನ್ನು ವರ್ಣಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಪಕ್ಕದ ವಸ್ತುವಿನಿಂದ ಬೇರೆ ಮಾಡುತ್ತದೆ. ಪಕ್ಕದ್ದು ಹೋದ ಮೇಲೆ ಹೆಸರಿನೊಳಗೆ ತಿರುಳು ಉಳಿಯುವುದಿಲ್ಲ. ಅದಕ್ಕೇ ಜನ 'ಪುಶ್‌ರಾಡ್ ಎಂಜಿನ್' ಎನ್ನತೊಡಗಿದರು. ನಾನು 'ಶಿರೋಪರಿ ಕವಾಟ'ವನ್ನು ಹೊಡೆದುಹಾಕಿ 'ಕ್ಯಾಮ್ ಕೆಳಗಿರುವ ಎಂಜಿನ್', 'ಕ್ಯಾಮ್ ಮೇಲಿರುವ ಎಂಜಿನ್' ಎಂದು ಬರೆದೆ. ಇದನ್ನು ಮಾಮನಿಗೆ ಓದಿ ಹೇಳಿದಾಗ, "ಹಂಗಾರ ಎಜ್ಡಿಗೆ ಏನ ಬರೀತಿ? ಅದಕ ಕ್ಯಾಮೂ ಇಲ್ಲ, ವಾಲೂ ಇಲ್ಲ" ಎಂದು ನಕ್ಕರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಎಜ್ಡಿ ಟೂ ಸ್ಟ್ರೋಕ್ ಗಾಡಿ. ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ.

ಇನ್ನು ಎರಡನೆಯ ತಪ್ಪು, ಇದು ನನ್ನದೇ. ಸೊಟ್ಟ ಕೋಲನ್ನು ಯಾರಾದರೂ ನೋಡಿ ಕೇಳಿದಾಗಲೆಲ್ಲ ನಾನು ಒಂದು ಸಿದ್ಧ ಕಥೆ ಹೇಳುತ್ತಿದ್ದೆ. ಪುಶ್‌ರಾಡ್ ಹಳೆಯದು, ನಿಧಾನದ್ದು. ಓವರ್‌ಹೆಡ್ ಕ್ಯಾಮ್ ಹೊಸದು, ವೇಗದ್ದು. ಹೊಸದು ಹಳೆಯದನ್ನು ಸೋಲಿಸಿತು. ಪಠ್ಯದ ಆ ಅಧ್ಯಾಯಕ್ಕೆ ಒಂದು ಟಿಪ್ಪಣಿ ಬರೆಯಲು ಕೂತು ವಿವರ ಹುಡುಕಿದಾಗ ಈ ಕಥೆ ನಿಲ್ಲಲಿಲ್ಲ.

ಅಮೆರಿಕದ ನ್ಯಾಸ್ಕಾರ್ ರೇಸುಗಳಲ್ಲಿ ಓಡುವ ಎಂಜಿನ್‌ಗಳು ಪುಶ್‌ರಾಡಿನವು. ಅವು 9,000 ಆರ್‌ಪಿಎಂ ದಾಟಿ ತಿರುಗಿವೆ. 2006ರ ಕಾರ್ವೆಟ್ ಝಡ್06 ಕಾರಿನ 7 ಲೀಟರಿನ ಎಂಜಿನ್ 7,000 ಆರ್‌ಪಿಎಂವರೆಗೆ ಹೋಗುತ್ತಿತ್ತು, ಅದೂ ಪುಶ್‌ರಾಡಿನದೇ. ಅಲ್ಲಿ ಭಾರ ಇಳಿಸಲು ಒಳಬಾಗಿಲಿನ ವಾಲ್ವ್‌ಗಳನ್ನು ಟೈಟೇನಿಯಂನಲ್ಲಿ ಮಾಡಿದ್ದರು. ಹೋಂಡಾದ ಎಸ್2000 ಕಾರಿನ ಎರಡು ಕ್ಯಾಮಿನ 2 ಲೀಟರ್ ಎಂಜಿನ್ 9,000 ಮುಟ್ಟುತ್ತಿತ್ತು. ಗಾತ್ರ ಚಿಕ್ಕದಾದ್ದರಿಂದ ಅದಕ್ಕೆ ಶಕ್ತಿ ಬರಬೇಕಾದರೆ ಹಾಗೆ ತಿರುಗಲೇಬೇಕಿತ್ತು. ದೊಡ್ಡ ವಿ8 ಎಂಜಿನ್ನಿಗೆ ಆ ಅಗತ್ಯವಿಲ್ಲ. ಅದರ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ ಒಂದೇ ಕ್ಯಾಮ್ ಇಟ್ಟರೆ ಹದಿನಾರು ವಾಲ್ವ್‌ಗಳಿಗೂ ಸಾಕಾಗುತ್ತದೆ. ಮೇಲೆ ಎರಡೆರಡು ಕ್ಯಾಮ್ ಇಟ್ಟರೆ ಒಟ್ಟು ನಾಲ್ಕು ಕ್ಯಾಮ್, ಉದ್ದುದ್ದ ಚೈನು, ದಪ್ಪ ತಲೆ. ಜಾಗ, ಭಾರ, ಖರ್ಚು ಲೆಕ್ಕ ಹಾಕಿದವರು ಪುಶ್‌ರಾಡನ್ನು ಇಟ್ಟುಕೊಂಡದ್ದು ಹಳೆಯದರ ಮೋಹಕ್ಕಲ್ಲ.

ಇತ್ತ ತಲೆಯ ಮೇಲೆ ಕ್ಯಾಮ್ ಇದ್ದ ಮಾತ್ರಕ್ಕೆ ಗಾಡಿ ಕಿರುಚುವುದೂ ಇಲ್ಲ. ಹೋಂಡಾದ ಸೂಪರ್ ಕಬ್ 1958ರಲ್ಲಿ ಬಂದಾಗ ಅದರಲ್ಲಿದ್ದದ್ದು ಪುಶ್‌ರಾಡ್. 1966ರ ಹೊತ್ತಿಗೆ ಕ್ಯಾಮ್ ಮೇಲೇರಿತು. ಎರಡೂ ಸಲ ಅದು ಹಾಲು, ಪೇಪರು, ತರಕಾರಿ ಹೊರುವ ಗಾಡಿಯೇ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ100 ಓವರ್‌ಹೆಡ್ ಕ್ಯಾಮಿನದು. ಅದನ್ನು ಕೊಂಡವರು ಕೇಳುತ್ತಿದ್ದ ಪ್ರಶ್ನೆ ಲೀಟರಿಗೆ ಎಷ್ಟು ಕೊಡುತ್ತದೆ ಎಂಬುದೊಂದೇ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ತಟ್ಟಿದ್ದು ಬುಲೆಟ್ಟಿನದೇ ಲೆಕ್ಕ. 2023ರಲ್ಲಿ ಬಂದ ಹೊಸ ಬುಲೆಟ್ 350ರಲ್ಲಿ ಪುಶ್‌ರಾಡ್ ಹೋಗಿ ಓವರ್‌ಹೆಡ್ ಕ್ಯಾಮ್ ಬಂತು. ಅದಕ್ಕೆ ಮುಂಚಿನ ಪುಶ್‌ರಾಡಿನ 346 ಸಿಸಿ ಎಂಜಿನ್ 5,250 ಆರ್‌ಪಿಎಂನಲ್ಲಿ 19.8 ಅಶ್ವಶಕ್ತಿ ಕೊಡುತ್ತಿತ್ತು. ಹೊಸ 349 ಸಿಸಿ ಎಂಜಿನ್ 6,100ರಲ್ಲಿ ಕೊಡುವುದು 20.2. ವ್ಯತ್ಯಾಸ ಅರ್ಧ ಅಶ್ವಶಕ್ತಿಯೂ ಇಲ್ಲ! ಎಳೆಯುವ ಬಲವಂತೂ ಒಂದು ಕೂದಲು ಕಡಿಮೆಯೇ. ಹೊಸದರ ಸ್ಟ್ರೋಕ್ ಈಗಲೂ 85.8 ಮಿಲಿಮೀಟರ್, ಬೋರಿಗಿಂತ ಉದ್ದ. ಕ್ಯಾಮಿನ ಉಬ್ಬನ್ನೂ ಗಾಳಿಯ ದಾರಿಯನ್ನೂ ನಿಧಾನದ ಓಟಕ್ಕೆ ತಕ್ಕಂತೆ ಇಟ್ಟಿದ್ದಾರೆ. ಅದಕ್ಕೊಂದು ಬ್ಯಾಲೆನ್ಸರ್ ಶಾಫ್ಟ್ ಇರುವುದರಿಂದ ನಡುಕ ಕಡಿಮೆ. ಕ್ಯಾಮ್ ಎಲ್ಲಿದೆ ಎನ್ನುವುದು ಎಂಜಿನ್ ಎಷ್ಟರವರೆಗೆ ತಿರುಗಬಲ್ಲದು ಎಂಬುದಕ್ಕೆ ಒಂದು ಕಾರಣ ಮಾತ್ರ. ಅದು ಎಷ್ಟು ತಿರುಗಬೇಕು ಎಂದು ಇಡೀ ಎಂಜಿನ್ನನ್ನು ಯೋಚಿಸಿದವರು ಮೊದಲೇ ತೀರ್ಮಾನಿಸಿರುತ್ತಾರೆ. ಮಾಮ ಹದಿನೆಂಟು ವರ್ಷದ ಹಿಂದೆ ಹೇಳಿದ್ದೂ ಇದನ್ನೇ ಇರಬೇಕು. ಅವರು ಪುಶ್‌ರಾಡನ್ನು ಬೈದಿರಲಿಲ್ಲ. ಇದು ನಡೆಯುವ ಗಾಡಿ ಎಂದಿದ್ದರು.

ದಸರೆಗೆ ಹುಬ್ಬಳ್ಳಿಗೆ ಹೋದಾಗ ಕರಡನ್ನು ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದೆ. ಅಲ್ಲಿ ನನಗೆ ಯಾರೂ ಫೋನಿನಲ್ಲಿ ಹೇಳದ ಒಂದು ಸಂಗತಿ ಗೊತ್ತಾಯಿತು.

ಹಳೆಯ ಬುಲೆಟ್ಟಿನಲ್ಲಿ ಟ್ಯಾಪೆಟ್ ಸೆಟ್ ಮಾಡುವುದು ಬೆರಳಿನ ಕೆಲಸ. ಎಂಜಿನ್ ತಣ್ಣಗಿರಬೇಕು. ಪಿಸ್ಟನ್ನನ್ನು ಕಂಪ್ರೆಶನ್ನಿನ ತುದಿಗೆ ತಂದು ನಿಲ್ಲಿಸಿ, ಬಲಮಗ್ಗುಲಿನ ಸಣ್ಣ ಮುಚ್ಚಳ ತೆಗೆದರೆ ಪುಶ್‌ರಾಡುಗಳ ಬುಡ ಕಾಣುತ್ತದೆ. ಎರಡು ಸಣ್ಣ ಪಾನಾ ಹಿಡಿದು ಅಡ್ಜಸ್ಟರ್ ತಿರುವುತ್ತ, ಎರಡು ಬೆರಳಿನಿಂದ ಕೋಲನ್ನು ತಿರುಗಿಸಿ ನೋಡಬೇಕು. ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಿಸಿ ಹೊಗೆ ಆ ಸಂದಿನಲ್ಲಿ ನುಗ್ಗಿ ನುಗ್ಗಿ ವಾಲ್ವ್ ಸುಟ್ಟುಹೋಗುತ್ತದೆ. ಸಡಿಲವಾದರೆ ಟಕಟಕ ಸದ್ದು, ಸವೆತ. ಸುಮಾರು 2010ರ ಹೊತ್ತಿಗೆ ಆ ಹಳೆಯ ಕಬ್ಬಿಣದ ಎಂಜಿನ್ ನಿಂತಿತು. ಆಮೇಲೆ ಬಂದ ಪುಶ್‌ರಾಡ್ ಬುಲೆಟ್ಟುಗಳಲ್ಲಿ ಎಣ್ಣೆಯ ಒತ್ತಡದಿಂದ ತಾನೇ ಸರಿಹೊಂದುವ ಟ್ಯಾಪೆಟ್ಟುಗಳಿವೆ. ಆದರೆ ಹಳೆಯ ಗಾಡಿಗಳು ಇನ್ನೂ ರಸ್ತೆಯಲ್ಲಿವೆ, ಅವುಗಳ ಯಜಮಾನರು ಮಾಮನನ್ನೇ ಹುಡುಕಿಕೊಂಡು ಬರುತ್ತಾರೆ.

ಮಾಮನಿಗೆ ಹದಿನೈದು ವರ್ಷದಿಂದ ಶುಗರ್. ಮೊದಲು ಪಾದದಲ್ಲಿ ಶುರುವಾದ ಜೋಮು ಈಗ ಬೆರಳ ತುದಿಗೂ ಬಂದಿದೆ. ಆ ಬೇಸಿಗೆಯಲ್ಲಿ ಹಳೆಯ ಗಿರಾಕಿಯೊಬ್ಬರ ಗಾಡಿಯ ಟ್ಯಾಪೆಟ್ ಸೆಟ್ ಮಾಡಿ ಕೊಟ್ಟಿದ್ದರಂತೆ. ಕೋಲು ಸರಾಗ ತಿರುಗುತ್ತಿದೆ ಎಂದೇ ಅವರಿಗೆ ಅನಿಸಿತ್ತು. ಆರು ವಾರದಲ್ಲಿ ಗಾಡಿ ವಾಪಸ್ ಬಂತು, ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು. ಮಾಮ ತಮ್ಮ ಖರ್ಚಿನಲ್ಲೇ ಹೆಡ್ ಬಿಚ್ಚಿ ಸರಿಮಾಡಿ ಕೊಟ್ಟರು. ಅವತ್ತಿನಿಂದ ಟ್ಯಾಪೆಟ್ಟಿಗೆ ಕೈ ಹಾಕಿಲ್ಲ. ಇದನ್ನು ಹೇಳಿದ್ದು ಅತ್ತೆ, ಅಡುಗೆಮನೆಯಲ್ಲಿ, ದನಿ ತಗ್ಗಿಸಿ. "ನಿಂಗ ಗೊತ್ತೈತಿ ಅಂತ ತೋರಸಬ್ಯಾಡ" ಎಂದೂ ಹೇಳಿದರು.

ಗ್ಯಾರೇಜಿನಲ್ಲಿ ಕುಂದಗೋಳ ಕಡೆಯ ಒಬ್ಬ ಹುಡುಗ ಕೆಲಸ ಕಲಿಯುತ್ತಿದ್ದ. ಮಾಮ ತಾವು ಕಲಿತದ್ದು ಗುರುವಿನ ಕೈ ನೋಡಿ, ಈಗ ತಮ್ಮ ಕೈಯಿಂದ ತೋರಿಸಲು ಆಗದೆ ಬಾಯಿಂದ ಹೇಳಬೇಕಾಗಿತ್ತು. ನಲವತ್ತು ವರ್ಷ ಬೇಕಾಗದ ಮಾತುಗಳು ಅವರಿಗೆ ತಟ್ಟನೆ ಬೇಕಾಗಿದ್ದವು. ನಾನು ಕರಡಿನ ಆ ಪುಟ ತೆಗೆದು ಹುಡುಗನಿಗೆ ಓದಲು ಕೊಟ್ಟೆ. ನಾನು ಬರೆದಿದ್ದದ್ದು: "ಪುಶ್‌ರಾಡ್ ಲಂಬ ಚಲನೆಯಿಲ್ಲದೆ ಮುಕ್ತವಾಗಿ ಪರಿಭ್ರಮಿಸುವವರೆಗೆ ಹೊಂದಿಸಿ." ಹುಡುಗ ಎರಡು ಸಲ ಓದಿ ಮಾಮನ ಮುಖ ನೋಡಿದ. ಮಾಮ ನನ್ನ ಮುಖ ನೋಡಿದರು.

"ಬೆರಳಿಗೆ ತಿರುಗಬೇಕು, ಮ್ಯಾಲ ಕೆಳಗ ಕುಣೀಬಾರದು. ಅಷ್ಟ ಬರಿ" ಎಂದರು.

ಹುಡುಗ ಮುಚ್ಚಳ ತೆಗೆದಿಟ್ಟಿದ್ದ ಗಾಡಿಯ ಪಕ್ಕ ಕೂತ. ಮಾಮ ಸ್ಟೂಲಿನ ಮೇಲೆ, ಕೈ ಕಟ್ಟಿಕೊಂಡು. "ತಿರುಗತೈತೇನು?" "ಹೂಂರಿ." "ಮ್ಯಾಲ ಎತ್ತಿ ನೋಡು. ಕುಣೀತೈತೇನು?" "ಸ್ವಲ್ಪ ಕುಣೀತೈತ್ರಿ." "ಹಂಗಾರ ಇನ್ನೊಂಚೂರು." ಹೀಗೆ ಅರ್ಧ ಗಂಟೆ. ಕೊನೆಗೆ ಕಿಕ್ ಹೊಡೆದು ಶುರು ಮಾಡಿದಾಗ ಮಾಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಕಿವಿ ಇನ್ನೂ ಚೆನ್ನಾಗಿದೆ. "ಎಡಕಿಂದು ಬಿಗಿ ಆಗೈತಿ. ಆರಲಿ, ನಾಳೆ ಮತ್ತ ನೋಡೂಣು" ಎಂದರು.

ಪುಣೆಗೆ ಮರಳಿ ಆ ವಾಕ್ಯವನ್ನು ಬದಲಿಸಿದೆ: "ಪುಶ್‌ರಾಡ್ ಬೆರಳಿಗೆ ಸರಾಗ ತಿರುಗಬೇಕು, ಮೇಲೆ ಕೆಳಗೆ ಕುಣಿಯಬಾರದು." ಏಜೆನ್ಸಿಯ ಪರಿಶೀಲಕರು 'ಕುಣಿಯಬಾರದು' ಎಂಬುದಕ್ಕೆ ಕೆಂಪು ಗೆರೆ ಎಳೆದು, ಪಠ್ಯಪುಸ್ತಕದ ಭಾಷೆಯಲ್ಲ ಎಂದು ಬರೆದರು. ನಾನು ಅವರಿಗೆ ಒಂದು ಪುಟದ ಉತ್ತರ ಬರೆದೆ. ಸುಟ್ಟ ವಾಲ್ವಿನ ಕಥೆ ಹೇಳಲಿಲ್ಲ, ಓದಿದವನ ಕೈಗೆ ಏನು ತಿಳಿಯಬೇಕು ಎಂಬುದಷ್ಟನ್ನೇ ಹೇಳಿದೆ. ಎರಡು ದಿನದ ನಂತರ ಉತ್ತರ ಬಂತು. ಆ ವಾಕ್ಯ ಉಳಿಯಲಿ, ಆದರೆ ಅಧ್ಯಾಯದ ಶೀರ್ಷಿಕೆಯಲ್ಲಿ ಪದಪಟ್ಟಿಯ ಪದವೇ ಇರಲಿ ಎಂದು. ಹಾಗಾಗಿ ಪುಸ್ತಕದಲ್ಲಿ ಆ ಅಧ್ಯಾಯದ ಹೆಸರು 'ನೂಕುದಂಡ ಹಾಗೂ ಶಿರೋಪರಿ ಉಬ್ಬುದಂಡ ವ್ಯವಸ್ಥೆಗಳು'. ಒಳಗೆ ಮಾತ್ರ ಪುಶ್‌ರಾಡ್, ಕ್ಯಾಮ್, ಟ್ಯಾಪೆಟ್.

ಹನ್ನೆರಡು ವರ್ಷ ಪುಣೆಯಲ್ಲಿದ್ದು ನನ್ನ ಕನ್ನಡ ಮೇಜಿನ ಕನ್ನಡವಾಗಿದೆ. ನಿಮ್ಮಲ್ಲೂ ಕೆಲವರಿಗೆ ಹೀಗೇ ಆಗಿರಬಹುದು. ಓದುತ್ತೇವೆ, ಬರೆಯುತ್ತೇವೆ, ಆದರೆ ಕೈಗೆ ಎಣ್ಣೆ ಹತ್ತಿದಾಗ ಬೇಕಾಗುವ ಮಾತು ನೆನಪಿಗೆ ಬರುವುದಿಲ್ಲ. ಈಗ ಅಂಥ ಪಠ್ಯ ಬಂದಾಗಲೆಲ್ಲ ಮಾಮನಿಗೆ ಫೋನ್ ಮಾಡುತ್ತೇನೆ. ಅರ್ಧ ಮಾತು ಕೆಲಸದ್ದು, ಅರ್ಧ ಅವರ ಬೆರಳಿನದು.

ಮೊನ್ನೆ ಹುಡುಗನೇ ಫೋನ್ ಎತ್ತಿದ. ಮಾಮ ಊಟಕ್ಕೆ ಹೋಗಿದ್ದರು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ. "ಟ್ಯಾಪೆಟ್ ಹಚ್ಚಾಕತ್ತೀನ್ರಿ, ಒಬ್ಬನ" ಎಂದ.